ಅಡುಗೆ ಯಾರು ಮಾಡುತ್ತಾರೆ

"ಬಂದು ನೋಡು," ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಾಗ ಅವನ ಅರ್ಧ ಮುಖಕ್ಕೆ ಮಾತ್ರ ಸೋಪಿನ ನೊರೆ ಹತ್ತಿತ್ತು. ನೋಡುವುದಕ್ಕೆ ಅಲ್ಲಿ ಏನಿತ್ತು, ಮಣ್ಣು? ಅಕ್ಕಿ. ತೊಳೆದ ಅಕ್ಕಿಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದಳು, ತೊಳೆದದ್ದಕ್ಕೆ ಸಾಕ್ಷಿ ಬೇಕಿತ್ತು. ಡಾಕ್ಟರ ಬಳಿ ಹೋಗಿ ಬಂದಂದಿನಿಂದ ಈ ಹೊಸ ಕಾಟ ಶುರುವಾಗಿತ್ತು. ಪಾತ್ರೆ ಒಲೆಯ ಮೇಲಿಡುವ ಮುಂಚೆ ಬಂದು ನೋಡು, ಸೌಟನ್ನು ಕುದಿಯುವ ನೀರಿಗೆ ಅದ್ದುತ್ತಿದ್ದೇನೆ ಬಂದು ನೋಡು, ಉಗುರು ಕತ್ತರಿಸಿದ್ದೇನೆ ನೋಡು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅತ್ತಿದ್ದರೆ ಸಮಾಧಾನ ಮಾಡುವ ನಾಟಕವನ್ನಾದರೂ ಆಡಬಹುದಿತ್ತು. ಹೀಗೆ ಒಂದೊಂದನ್ನೇ ಎತ್ತಿ ಹಿಡಿದು ತೋರಿಸುವವಳ ಎದುರು ಐವತ್ತು ದಾಟಿದ ಗಂಡಸು ನೊರೆ ಮೆತ್ತಿದ ಮುಖ ಹೊತ್ತು ನಿಂತು ಏನು ತಾನೆ ಮಾಡಬೇಕು? "ನೋಡ್ದೆ," ಎಂದ.

"ಸರಿಯಾಗಿ ನೋಡು. ಆಮೇಲೆ ನೋಡ್ಲಿಲ್ಲ ಅನ್ನಬಾರದು."

"ನೋಡ್ದೆ ಅಂದ್ನಲ್ಲ ಅಕ್ಕ."

"ಇವತ್ತೊಂದು ದಿನ ನೋಡ್ಬಿಡು. ನಾಳೆಯಿಂದ ನಿನ್ನ ಅಕ್ಕಿ ನೀನೇ ತೊಳ್ಕೋ. ನನ್ನ ಪೀಡೆ ತೊಲಗತ್ತೆ ನಿಂಗೆ."

ಬಾಗಿಲ ಬಳಿ ಅವಳ ಚೀಲ ಕಟ್ಟಿ ಇಟ್ಟಿತ್ತು. ಸಂಜೆಯ ಬಸ್ಸಿಗೆ ಮಗಳ ಊರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಮಗಳ ಮನೆಯೆಂದರೆ ಅವಳಿಗೆ ಆಗುತ್ತಿರಲಿಲ್ಲ: ನಾಲ್ಕನೇ ಮಹಡಿ, ಮಂಡಿನೋವು, ಬೆಳಗಿನಿಂದ ರಾತ್ರಿಯವರೆಗೆ ಟೀವಿ ಹಾಕಿಕೊಂಡು ಕೂರುವ ಅಳಿಯ. ಆದರೂ ಹೋಗುತ್ತೇನೆಂದರೆ ಹೋಗುತ್ತೇನೆ, ಅಷ್ಟೆ, ಕಡ್ಡಿ ಮುರಿದ ಹಾಗೆ. ಹೋಗಲಿ ಬಿಡು ಎಂದು ಅವನೂ ಹಟ ಹಿಡಿದಿದ್ದ. ಆದರೆ ನಿನ್ನೆ ರಾತ್ರಿ ಫೋನಿನಲ್ಲಿ ಅವಳು ಮಗಳಿಗೆ ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು. "ಬರ್ತೀನಿ. ಆದ್ರೆ ಅಡುಗೆ ಮಾತ್ರ ನನ್ನ ಕೈಲಿ ಮಾಡಿಸ್ಬೇಡ ಕಣೇ. ಕೂಸಿದೆ ಮನೇಲಿ. ನನ್ನ ಕೈ ಸರಿಯಿಲ್ಲ." ಕೈ ಸರಿಯಿಲ್ಲವಂತೆ! ಯಾರು ಹೇಳಿದರು ಹಾಗಂತ? ಹೀಗೆ ಎಲ್ಲವನ್ನೂ ಅತಿ ಮಾಡುವುದರಲ್ಲಿ ಅವಳದು ಎತ್ತಿದ ಕೈ ಎಂದು ಹಲ್ಲು ಕಚ್ಚಿ ಮಗ್ಗುಲು ಬದಲಿಸಿದ್ದ. ನಿದ್ದೆ ಮಾತ್ರ ಹತ್ತಿರಲಿಲ್ಲ.

ಯಾರೂ ಹೇಳಿರಲಿಲ್ಲ. ಅದೇ ತೊಂದರೆ. ಅವನು ಹೇಳಿದ್ದು ಒಂದೇ ಒಂದು ಮಾತು, ಅದೂ ಕೇಳಿದ್ದಕ್ಕೆ ಉತ್ತರ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೂ ಗಾಳಿಗೆ ಹೆದರಿ ಗಾಜು ಮುಚ್ಚಿಕೊಂಡು, ಮಾಸ್ಕಿನೊಳಗೆ ತನ್ನ ಉಸಿರಿನ ಬಿಸಿಯನ್ನೇ ತಾನು ಕುಡಿಯುತ್ತ ಅವನು ಅದನ್ನು ಮತ್ತೆ ಮತ್ತೆ ತಿರುವಿ ಹಾಕಿದ. ಮೂರನೆಯ ನ್ಯುಮೋನಿಯಾ ಮುಗಿಸಿ ಎದ್ದಿದ್ದ. ಊರಿಗೆಲ್ಲ ನೆಗಡಿ ಬಂದರೆ ಇವನಿಗೆ ನ್ಯುಮೋನಿಯಾ ಬರುತ್ತಿತ್ತು. ಡಾಕ್ಟರು ಕನ್ನಡಕ ಹಣೆಗೇರಿಸಿ ವಿವರಿಸಿದ್ದರು: "ನಿಮ್ಮ ಕರುಳಿಗೆ ಗೋಧಿ ಆಗಲ್ಲ, ಅದು ಹಳೇ ವಿಷಯ. ಅದರ ಜೊತೆ ಗುಲ್ಮಾನೂ ಸೋಮಾರಿ ಆಗಿದೆ. ಎಡಗಡೆ, ಪಕ್ಕೆಲುಬಿನ ಕೆಳಗಿರತ್ತೆ. ರಕ್ತಕ್ಕೆ ಬಂದ ಕ್ರಿಮಿಗಳನ್ನ ಹಿಡಿದು ಹಾಕೋ ಕೆಲಸ ಅದರದ್ದು. ಈ ಕಾಯಿಲೆಯವರಲ್ಲಿ ಕೆಲವರಿಗೆ ಹಾಗಾಗತ್ತೆ. ಲಸಿಕೆ ಹಾಕಿಸ್ಕೋಬೇಕು, ಜ್ವರ ಬಂದ್ರೆ ಕಾಯ್ತಾ ಕೂರದೆ ಓಡಿ ಬರಬೇಕು." ಸೋಮಾರಿ ಎಂಬ ಮಾತು ಅವನಿಗೆ ಹತ್ತಿಕೊಂಡು ಉರಿಯಿತು. ಕೆಲಸಕ್ಕೆ ಸೇರಿದಾಗಿನಿಂದ ಒಂದು ದಿನ ಸುಳ್ಳು ರಜೆ ಹಾಕಿದವನಲ್ಲ, ಅವನ ಹೊಟ್ಟೆಯೊಳಗೆ ಯಾವುದೋ ಒಂದು ಅವಯವ ಕಾಲು ಚಾಚಿ ಮಲಗಿದೆಯಂತೆ. ಆ ಸಿಟ್ಟಿನಲ್ಲೇ ಇದ್ದ, ಆಗ ಡಾಕ್ಟರು ರಕ್ತಪರೀಕ್ಷೆಯ ಕಾಗದ ನೋಡುತ್ತ, "ಎರಡು ವರ್ಷದಿಂದ ಗೋಧಿ ಮುಟ್ಟಿಲ್ಲ ಅಂತೀರ. ಇದು ಹಾಗೆ ಹೇಳ್ತಿಲ್ವಲ್ಲ. ಎಲ್ಲಿಂದಲೋ ಹೊಟ್ಟೆಗೆ ಹೋಗ್ತಾ ಇದೆ. ಮನೇಲಿ ಅಡುಗೆ ಯಾರು ಮಾಡ್ತಾರೆ?" ಎಂದರು.

"ಅಕ್ಕ," ಎಂದಿದ್ದ ಅವನು.

ಅಷ್ಟೇ. ಬೇಕಾದರೆ ಯಾರನ್ನಾದರೂ ಕರೆಸಿ ಕೇಳಲಿ, ಅಷ್ಟೇ ಹೇಳಿದ್ದು. ಹೇಳುವಾಗ ಅವಳ ಕಡೆ ಕತ್ತು ತಿರುಗಿಸಿದ್ದ, ಅದು ನಿಜ. ಲೋಟ ಒಡೆದವರು ಯಾರು ಎಂದು ಮೇಷ್ಟರು ಕೇಳಿದಾಗ ಪಕ್ಕದಲ್ಲಿ ಕೂತವನ ಕಡೆ ತಿರುಗುತ್ತದಲ್ಲ, ಹಾಗೆ ತಿರುಗಿತ್ತು ಕತ್ತು. ಡಾಕ್ಟರೂ ತಿರುಗಿ ನೋಡಿ, "ಸ್ವಲ್ಪ ಜಾಗ್ರತೆ ಇರ್ಲಿ ಅಮ್ಮ," ಎಂದಿದ್ದರು. ಬಯ್ಯಲಿಲ್ಲ, ನಕ್ಕೇ ಹೇಳಿದರು. ಅಕ್ಕ ತಲೆಯಾಡಿಸಿ, ತೊಡೆಯ ಮೇಲಿದ್ದ ಎರಡು ಕೈಗಳನ್ನೂ ಶಾಲಿನೊಳಗೆ ಎಳೆದುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಸುಮ್ಮನಿರಬಹುದಿತ್ತು. ಆದರೆ ನಾಲಿಗೆ ತುರಿಸಿತು. "ಆ ಕೆಳಗಿನ ಮನೆಯವರು ಕೇಕು ಕೊಟ್ಟಿದ್ರಲ್ಲ, ಆವತ್ತು..." ಎಂದು ಶುರು ಮಾಡಿದ. ಕೇಕಿನ ಕತೆ ಅವನಿಗೇ ಗೊತ್ತಿತ್ತು. ಅವಳು ಅದನ್ನು ಮನೆಯೊಳಕ್ಕೆ ತರದೆ ಮೆಟ್ಟಿಲ ಮೇಲೆ ನಿಂತು ತಿಂದು, ಅವರದೇ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಕೈ ತೊಳೆದು, ಮೈಮೇಲಿನ ಪುಡಿ ಕೊಡವಿಕೊಂಡು ಒಳಗೆ ಬಂದಿದ್ದಳು. ಬಂದವಳೇ ನಗುತ್ತ ತಾನೇ ಹೇಳಿದ್ದಳು ಕೂಡ. ಚಹಾಕ್ಕೆ ಬಿಸ್ಕತ್ತು ಅದ್ದಿ ತಿನ್ನದಿದ್ದರೆ ದಿನ ಶುರುವಾಗದ ಹೆಂಗಸು, ತಮ್ಮನ ಕರುಳಿಗಾಗಿ ಮನೆಯಲ್ಲಿ ಬಿಸ್ಕತ್ತು ಬಿಟ್ಟಳು, ಬ್ರೆಡ್ಡು ಬಿಟ್ಟಳು, ಹಿಟ್ಟಿನ ಡಬ್ಬಿ, ಜರಡಿ, ಮರದ ಸೌಟು ಎಲ್ಲ ಎತ್ತಿ ಹೊರಗೆ ಹಾಕಿದಳು. ಅವಳನ್ನು ಹಿಡಿದು ಕೇಕಿನ ಲೆಕ್ಕ ಕೇಳಿದ್ದ. ಅವಳು ಬಸ್ಸಿನ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ, "ಹೂಂ, ತಿಂದಿದ್ದೆ," ಎಂದಿದ್ದಳು. ಇದನ್ನೇ ಯೋಚಿಸುತ್ತ ಇವತ್ತು ಇಳಿಯುವ ಜಾಗ ದಾಟಿಹೋಗಿದೆಯೆಂದು ಅವನಿಗೆ ಥಟ್ಟನೆ ತಿಳಿದು, ಕಂಡಕ್ಟರನ ಮೇಲೆ ರೇಗಿ, ಮುಂದಿನ ನಿಲ್ದಾಣದಿಂದ ವಾಪಸು ನಡೆದ.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳ ರಿಪೇರಿ ಕೋಣೆ. ಅಲ್ಲಿ ಅವನಿಗೆ ಹೆಸರಿಲ್ಲ. ಮೇಲಿನವರೆಲ್ಲ ಬೈಂಡರು ಎನ್ನುತ್ತಾರೆ. ಉದ್ದನೆಯ ಮೇಜು, ಒತ್ತುಯಂತ್ರ, ಮೂಲೆಯಲ್ಲೊಂದು ಕರೆಂಟಿನ ಒಲೆ, ಕೈ ತೊಳೆಯುವ ತೊಟ್ಟಿ. ಬಂದವನು ಮೊದಲು ಅಂಟು ಕಾಯಿಸುತ್ತಾನೆ. ಬಾಟಲಿಯ ಅಂಟು ತರಿಸಿಕೊಡುತ್ತೇವೆಂದು ಎಷ್ಟೋ ಸಲ ಹೇಳಿದ್ದರು, ಅವನು ಸುತರಾಂ ಒಪ್ಪಿರಲಿಲ್ಲ. ಬಾಟಲಿಯ ಅಂಟು ಹಳೆಯ ಕಾಗದವನ್ನು ಸೆಟೆಸುತ್ತದೆ, ನಾಳೆ ಯಾರಾದರೂ ಬಿಚ್ಚಬೇಕೆಂದರೆ ಕಾಗದವೇ ಕಿತ್ತುಬರುತ್ತದೆ. ಕೈಯಲ್ಲಿ ಕಾಯಿಸಿದ ಅಂಟು ನೀರಿಗೆ ಬಿಟ್ಟುಕೊಡುತ್ತದೆ. ಕೆಲಸ ಕಲಿಸಿದ ಮೇಸ್ತ್ರಿ ಹೇಳಿದ್ದ ಮಾತು ಅದು. ಮೇಸ್ತ್ರಿ ಹೋಗಿ ಎಷ್ಟೋ ಕಾಲವಾಯಿತು, ಅವನ ಕೆಮ್ಮು, ಅವನ ಗೊಣಗಾಟ, ಅವನು ಕೂರುತ್ತಿದ್ದ ಸ್ಟೂಲು, ಎಲ್ಲ ಇವನಿಗೆ ಬಂದಿದ್ದವು. ಮಧ್ಯಾಹ್ನ ಡಬ್ಬಿ ಬಿಚ್ಚುವ ಮುಂಚೆ ಇವನು ಮೊಣಕೈಯವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ. ತಾನು ಇಷ್ಟು ಎಚ್ಚರವಾಗಿರುವಾಗ ಇನ್ನೊಬ್ಬರು ಸಡಿಲ ಬಿಟ್ಟರೆ ಮೈ ಉರಿಯದೆ ಇರುತ್ತದೆಯೇ?

ಇವತ್ತು ಅಂಟಿನ ಪಾತ್ರೆ ಒಲೆಗೇರಿಸುವಷ್ಟರಲ್ಲಿ ಲೈಬ್ರರಿಯನ್ ಮೇಡಂ ಮೊಬೈಲು ಹಿಡಿದುಕೊಂಡು ಇಳಿದು ಬಂದರು. ಹೊಸಬರು, ಉತ್ಸಾಹದ ಬುಗ್ಗೆ. ಮುಂದಿನ ತಿಂಗಳು ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಹಜಾರದಲ್ಲಿ ಪರದೆ ಕಟ್ಟಿ, ಇಲ್ಲಿ ಯಾರು ಯಾರು ಏನೇನು ಕೆಲಸ ಮಾಡುತ್ತಾರೆಂದು ವಿಡಿಯೋ ತೋರಿಸಬೇಕಂತೆ.

"ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ತಾ ಇರಿ. ನಾನಿಲ್ಲಿ ಇಲ್ವೇ ಇಲ್ಲ ಅಂದ್ಕೊಳ್ಳಿ."

"ಇದೀರಲ್ಲ ಮೇಡಂ."

"ಅಯ್ಯೋ, ಇಲ್ಲ ಅಂದ್ಕೊಳ್ಳಿ ಅಂದೆ!"

ಹಾಳಾಗಿ ಹೋಗಲಿ ಎಂದು ಅವನು ಬೆನ್ನು ತಿರುಗಿಸಿದ. ಮೊದಮೊದಲು ಕೈಗಳು ಮರದ ಕೈಗಳಾದವು. ಆಮೇಲೆ ಅವುಗಳ ಪಾಡಿಗೆ ಅವು ನಡೆದವು, ಅವನು ಮನಸ್ಸಿನಲ್ಲೇ ಮನೆಗೆ ಹೋದ. ಈ ಹೊತ್ತಿಗೆ ಅವಳು ಕಿಟಕಿ ಹಾಕುತ್ತಿರಬೇಕು. ಔಷಧಿಯ ಡಬ್ಬಿಗಳನ್ನು ಅವನಿಗೆ ಕಾಣುವ ಹಾಗೆ ಸಾಲಾಗಿ ಜೋಡಿಸಿಟ್ಟು ಹೋಗುತ್ತಾಳೆ, ಅದೂ ಒಂದು ಚುಚ್ಚುವ ರೀತಿಯೇ. ಹೋಗಬೇಡ ಎಂದು ಒಂದು ಮಾತು ಅಂದರೆ ಮುಗಿಯಿತು. ಆದರೆ ಹಾಗಂದರೆ ಏನರ್ಥ? ನನ್ನ ರಕ್ತಕ್ಕೆ ಇನ್ನೂ ಒಂದಿಷ್ಟು ಗೋಧಿ ಬೀಳಲಿ, ನಾಲ್ಕನೇ ನ್ಯುಮೋನಿಯಾವೂ ಬರಲಿ, ಪರವಾಗಿಲ್ಲ, ನೀನಿರು, ಎಂದು ತಾನೆ? ಅವಳಿಗೆ ವಯಸ್ಸಾಯಿತು, ಕಣ್ಣು ಮಂಜು, ಎಲ್ಲೋ ತಪ್ಪುತ್ತಿದೆ, ಬೇಕೆಂದು ಯಾರು ಮಾಡುತ್ತಾರೆ? ಹೀಗೆ ಅವಳ ಪರವಾಗಿ ವಾದಿಸುತ್ತ ವಾದಿಸುತ್ತ ಅವಳ ಮೇಲಿನ ಅಪರಾಧವನ್ನು ಅವನು ಇನ್ನಷ್ಟು ಗಟ್ಟಿ ಮಾಡುತ್ತಿದ್ದ. ಅದು ಅವನಿಗೂ ಅರೆಬರೆ ತಿಳಿಯುತ್ತಿತ್ತು.

"ಸೂಪರ್!" ಎಂದರು ಮೇಡಂ. "ನೋಡಿ, ಎಷ್ಟು ಚೆನ್ನಾಗಿ ಬಂದಿದೀರ."

ಮೊಬೈಲಿನಲ್ಲಿ ಒಬ್ಬ ಮುದುಕ ಕೂತಿದ್ದ. ಕುತ್ತಿಗೆಯ ಚರ್ಮ ಜೋಲು ಬಿದ್ದಿತ್ತು, ನೆತ್ತಿಯ ಮೇಲೆ ಕೂದಲಿರಲಿಲ್ಲ. ಕೆಲಸ ಮಾಡುವಾಗ ತಾನು ಹೇಗೆ ಕಾಣುತ್ತೇನೆಂದು ಅವನು ಇದುವರೆಗೆ ನೋಡಿರಲಿಲ್ಲ, ಯಾರು ತಾನೆ ನೋಡಿರುತ್ತಾರೆ? ಮುದುಕ ಪಾತ್ರೆಯಿಂದ ಒಂದು ಬೆರಳು ಅಂಟು ಎತ್ತಿ ನಾಲಿಗೆಯ ಮೇಲಿಟ್ಟುಕೊಂಡ, ಕಣ್ಣು ಮುಚ್ಚಿದ, ತಲೆಯಾಡಿಸಿದ. ಬ್ರಷ್ಷಿನ ಕೂದಲು ಕೆದರಿದಾಗ ಅದನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡಿದ. ನೂಲಿನ ತುದಿಯನ್ನು ಅಂಟು ಹತ್ತಿದ ಬೆರಳುಗಳಿಂದಲೇ ಬಾಯಿಗೆ ಹಾಕಿ ಚೀಪಿ ಸೂಜಿಗೆ ಪೋಣಿಸಿದ. ಹಾಳೆ ತಿರುವಬೇಕಾದಾಗ ಬೆರಳನ್ನು ನಾಲಿಗೆಗೆ ಒತ್ತಿದ, ತಿರುವಿದ, ಮತ್ತೆ ಒತ್ತಿದ. ಮುದುಕನಿಗೆ ಬಾಯಿ ಇನ್ನೊಂದು ಕೈಯಾಗಿತ್ತು.

"ಅದೇನದು, ನಾಲಿಗೆ ಮೇಲೆ ಇಟ್ಕೊಳ್ತೀರಲ್ಲ?" ಮೇಡಂ ಕುತೂಹಲದಿಂದ ಕೇಳಿದರು.

"ಹಸಿ ವಾಸನೆ ಹೋಗಿದ್ಯಾ ಅಂತ. ಬೆಂದಿಲ್ಲ ಅಂದ್ರೆ ಹುಳ ಬೀಳತ್ತೆ. ನಮ್ಮ ಮೇಸ್ತ್ರೀನೂ ಹಾಗೇ ನೋಡ್ತಿದ್ದ."

"ಏನು ಹಾಕ್ತೀರ ಅದಕ್ಕೆ?"

"ಮೈದಾ," ಎಂದ.

ಎಂದವನು ಬಾಯಿ ತೆರೆದೇ ಇದ್ದ. ಮೈದಾ ಅಂದರೆ ಗೋಧಿ ಎಂದು ಅವನಿಗೆ ಗೊತ್ತಿರಲಿಲ್ಲವೇ? ಎಳೆ ಮಗುವಿಗೂ ಗೊತ್ತು. ಅಂಗಡಿಯಲ್ಲಿ ಪ್ರತಿ ಪೊಟ್ಟಣವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ಸಣ್ಣಕ್ಷರದಲ್ಲಿ ಆ ಹೆಸರಿದ್ದರೆ ಹಾವು ಕಂಡವನ ಹಾಗೆ ವಾಪಸಿಡುತ್ತಿದ್ದವನು ಅವನೇ. ಅದೇ ಮೈದಾ ಈ ಕೋಣೆಯ ಬೀರುವಿನಲ್ಲಿ ರಟ್ಟು, ಕ್ಯಾಲಿಕೋ ಬಟ್ಟೆಗಳ ಪಕ್ಕದಲ್ಲಿ ಕೂತು ಸಾಮಾನಾಗಿತ್ತು. ಅದು ತಿನ್ನುವ ವಸ್ತುವಾಗಿರಲಿಲ್ಲ, ಅದಕ್ಕೇ ಅದನ್ನು ಅವನು ತಿನ್ನುತ್ತಿರಲಿಲ್ಲ. ಡಾಕ್ಟರು ಏನು ತಿನ್ನುತ್ತೀರಿ ಎಂದು ಕೇಳಿದ್ದರು, ಏನು ನೆಕ್ಕುತ್ತೀರಿ ಎಂದು ಕೇಳಿರಲಿಲ್ಲ. ಬೈಂಡಿಂಗ್ ಕೆಲಸ ಎಂದಾಗ, "ಒಳ್ಳೇದು, ಕೂತು ಮಾಡೋ ಕೆಲಸ," ಎಂದಿದ್ದರು.

"ಇನ್ನೊಂದ್ಸಲ ಹಾಕಿ ಮೇಡಂ," ಎಂದ. ಮೇಡಂಗೆ ಖುಷಿಯಾಗಿ ಮತ್ತೆ ಹಾಕಿದರು. ಮುದುಕ ಮತ್ತೆ ನೆಕ್ಕಿದ.

ಅವರು ಹೋದ ಮೇಲೆ ಅವನು ತೊಟ್ಟಿಯ ಬಳಿ ನಿಂತು ಬಾಯಿ ಮುಕ್ಕಳಿಸಿ ಉಗಿದ. ಥೂ. ಇದ್ದಕ್ಕಿದ್ದಂತೆ ಒಂದು ಕಾಯಿಲೆಯ ಮೂಲ ಸಿಕ್ಕಿದರೆ ಮನುಷ್ಯನಿಗೆ ಹಗುರವಾಗಬೇಕು. ಅವನಿಗೆ ಬಂದದ್ದು ಸಿಟ್ಟು. ಮೇಡಂ ಮೇಲೆ, ಮೊಬೈಲಿನ ಮೇಲೆ, ಸತ್ತ ಮೇಸ್ತ್ರಿಯ ಮೇಲೆ. ಇಷ್ಟು ದಿನ ಸಿಟ್ಟಿಗೊಂದು ಮನೆ ಇತ್ತು, ಅಡುಗೆಮನೆ. ಈಗ ಅದು ಬೀದಿಗೆ ಬಿದ್ದು ಯಾರ ಬಾಗಿಲು ತಟ್ಟಬೇಕೆಂದು ತಿಳಿಯದೆ ಅಲೆಯಿತು. ಎರಡು ವರ್ಷ ಅವಳ ಬೆರಳುಗಳಿಗೆ ಪಹರೆ ಕಾದಿದ್ದ, ತನ್ನ ಬೆರಳು ಎಲ್ಲಿ ಹೋಗುತ್ತದೆಂದು ನೋಡಿರಲಿಲ್ಲ.

ಆಮೇಲೆ ಆ ಯೋಚನೆ ಬಂತು. ಯಾರೂ ಕರೆಯದೆ, ಬಹಳ ಸಭ್ಯವಾಗಿ ಬಂತು. ಯಾರಿಗೂ ಹೇಳುವ ಅಗತ್ಯವೇನಿದೆ? ನಾಳೆಯಿಂದ ಬಾಟಲಿಯ ಅಂಟು, ಇಲ್ಲವೇ ಅಕ್ಕಿ ಹಿಟ್ಟಿನ ಅಂಟು. ನೂಲಿಗೆ ಮೇಣ, ಬೆರಳಿಗೆ ಒದ್ದೆ ಸ್ಪಂಜು. ಸದ್ದಿಲ್ಲದೆ ಸರಿಹೋಗುತ್ತದೆ. ಮುಂದಿನ ಪರೀಕ್ಷೆಯಲ್ಲಿ ರಕ್ತ ತಿಳಿಯಾಗಿರುತ್ತದೆ, ಸೋಮಾರಿ ಗುಲ್ಮವೂ ಒಂದಿಷ್ಟು ಮೈಮುರಿದು ಏಳಬಹುದು. ಡಾಕ್ಟರು ಬೆನ್ನು ತಟ್ಟುತ್ತಾರೆ. ಏನು ಬದಲಾಯಿಸಿದಿರಿ ಎಂದು ಕೇಳುತ್ತಾರೆ. ಈಗ ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ ಎಂದರೆ ಸುಳ್ಳೂ ಅಲ್ಲ. ಅಕ್ಕ ನಾಲ್ಕನೇ ಮಹಡಿಯಲ್ಲಿ ಫೋನು ಹಿಡಿದು ಆ ಸುದ್ದಿ ಕೇಳಿ, "ಒಳ್ಳೇದಾಯ್ತು ಬಿಡು, ದೇವರು ದೊಡ್ಡವನು," ಎನ್ನುತ್ತಾಳೆ. ಅಲ್ಲಿಗೆ ಅವಳು ಹೋದಳು, ಇವನು ಗುಣವಾದ. ಇದಕ್ಕಿಂತ ಬೇರೆ ರುಜುವಾತು ಏನು ಬೇಕು? ಬದುಕಿರುವಷ್ಟು ದಿನ ಮೊಮ್ಮಗಳ ತಟ್ಟೆಗೆ ಒಂದು ತುತ್ತು ಬಡಿಸುವಾಗಲೂ ಅವಳ ಕೈ ಹಿಂದೆಗೆಯುತ್ತದೆ. ಅವನು ಆರೋಗ್ಯವಂತನಾಗಿ ನಡೆದಾಡಿದಷ್ಟೂ ಅವಳ ಕೈ ವಿಷದ ಕೈ ಎಂದು ಸಾಬೀತಾಗುತ್ತ ಹೋಗುತ್ತದೆ.

ಅವನು ಮೇಜಿಗೆ ಮರಳಿದ. ಡಬ್ಬಿ ಬಿಚ್ಚಿದ. ಅನ್ನ, ಬೇಯಿಸಿದ ಆಲೂಗಡ್ಡೆ, ಒಂದು ಮೊಟ್ಟೆ. ಆ ಮೊಟ್ಟೆಯನ್ನೂ ಸಿಪ್ಪೆ ಸಮೇತ ತೊಳೆದು ಒರೆಸಿಟ್ಟಿದ್ದಳು. ಒಂದು ತುತ್ತು ಎತ್ತಿ ಡಬ್ಬಿಗೇ ವಾಪಸು ಹಾಕಿದ. ಹೇಳಿದರೆ ಏನಾಗುತ್ತದೆ? ಪೆದ್ದ ಎನ್ನಿಸಿಕೊಳ್ಳಬೇಕು. ಇಡೀ ಗ್ರಂಥಾಲಯ ನಗುತ್ತದೆ, ಪಥ್ಯದವನು ಪಾತ್ರೆಗಟ್ಟಲೆ ಮೈದಾ ನೆಕ್ಕುತ್ತಿದ್ದನಂತೆ ಎಂದು. ಹೇಳದಿದ್ದರೆ ಏನೂ ಆಗುವುದಿಲ್ಲ, ಅದೇ ಭಯ. ಡಬ್ಬಿ ಮುಚ್ಚಿ, ಮೆಟ್ಟಿಲು ಹತ್ತಿ, ಮೇಡಂ ಕೋಣೆಯ ಬಾಗಿಲಲ್ಲಿ ನಿಂತು, "ಮನೆಗೆ ಹೋಗ್ಬೇಕು," ಎಂದ.

"ಹುಷಾರಿಲ್ವಾ?"

"ಇಲ್ಲ. ಅಂದ್ರೆ, ಇದೀನಿ. ಹೋಗ್ಬೇಕು."

ಬೇಕಾದಾಗ ಬಸ್ಸು ಬಂದ ಉದಾಹರಣೆ ಅವನ ಬದುಕಿನಲ್ಲಿರಲಿಲ್ಲ, ಇವತ್ತೂ ಬರಲಿಲ್ಲ. ಬಂದದ್ದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದವನು ಕೈ ಅಡ್ಡ ಹಿಡಿಯದೆ ಸೀನಿದ. ಬೇರೆ ದಿನವಾಗಿದ್ದರೆ ಮುಂದಿನ ನಿಲ್ದಾಣದಲ್ಲೇ ಜಿಗಿದುಬಿಡುತ್ತಿದ್ದ. ಇವತ್ತು ಮಾಸ್ಕು ಮೂಗಿಗೆ ಒತ್ತಿಕೊಂಡು ಕಂಬಿ ಹಿಡಿದು ನಿಂತ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಹೇಳಬೇಕಾದ ಮಾತನ್ನು ಕಟ್ಟಿದ, ಬಿಚ್ಚಿದ. ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಸಿಳ್ಳೆ ಊದಿದ ಹಾಗೆ ಉಸಿರು ಬರುತ್ತಿತ್ತು.

ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವನನ್ನು ಕಂಡು ಗಾಬರಿಯಾದಳು. "ಯಾಕೋ ಇಷ್ಟು ಬೇಗ? ಜ್ವರಾನಾ?" ಕೈ ತಾನಾಗಿ ಅವನ ಹಣೆಯ ಕಡೆ ಬಂತು. ಬಂದದ್ದು ಅರ್ಧದಲ್ಲೇ ನಿಂತಿತು. ನಿಂತು, ಏನೋ ನೆನಪಾದ ಹಾಗೆ ಹಿಂದಕ್ಕೆ ಹೋಗಿ ಶಾಲಿನೊಳಗೆ ಸೇರಿಕೊಂಡಿತು.

"ಅಕ್ಕ, ನಿನ್ನಿಂದಲ್ಲ," ಎಂದ ಅವನು. ಬಸ್ಸಿನಲ್ಲಿ ಕಟ್ಟಿದ್ದ ಮಾತೆಲ್ಲ ಎಲ್ಲೋ ಹೋಗಿ ಉಳಿದದ್ದು ಇಷ್ಟೇ. "ನನ್ನಿಂದ. ಅಂಟು. ನಾನು ದಿನಾ ಅಂಟು ನೆಕ್ತೀನಿ."

"ಏನು?"

"ಅಂಟು. ಪುಸ್ತಕದ್ದು. ಹದ ನೋಡೋಕೆ. ಅದು ಮೈದಾದ್ದು. ಬ್ರಷ್ಷೂ ಬಾಯಿಗೆ ಹಾಕ್ತೀನಿ, ದಾರಾನೂ ಹಾಕ್ತೀನಿ. ಇವತ್ತು ಮೇಡಂ ಮೊಬೈಲಲ್ಲಿ ಹಿಡಿದು ತೋರಿಸಿದ್ರು. ಆಗ ಗೊತ್ತಾಯ್ತು."

"ಮೈದಾ ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು."

"ಮತ್ತೆ?"

"ಅದು ಅಂಟು ಅಂದ್ಕೊಂಡಿದ್ದೆ."

ಅವಳಿಗೆ ನಗು ಬಂದೀತು ಎಂದು ಅವನು ಆಸೆಪಟ್ಟ. ಚಿಕ್ಕಂದಿನಲ್ಲಿ ಇವನು ಎಂಥ ಪೆದ್ದುತನ ಮಾಡಿದರೂ ಅವಳು ಮೊದಲು ನಕ್ಕು ಆಮೇಲೆ ಹೊಡೆಯುತ್ತಿದ್ದಳು. ಈಗ ಎರಡನ್ನೂ ಮಾಡಲಿಲ್ಲ. ಸುಮ್ಮನೆ ಕುರ್ಚಿಯ ಮೇಲೆ ಕೂತಳು. "ಎರಡು ವರ್ಷ ಒಂದು ಬಿಸ್ಕತ್ತು ತಂದಿಲ್ವಲ್ಲೋ ನಾನು ಈ ಮನೆಗೆ," ಎಂದಳು. ಅವನಿಗೆ ಅಳು ಬಂತು, ಅಳುವುದಕ್ಕೂ ತನಗೆ ಹಕ್ಕಿಲ್ಲವೆಂದು ಸಿಟ್ಟು ಬಂತು.

"ತಪ್ಪಾಯ್ತು ಅಕ್ಕ."

"ನಂಗೆ ಹೇಳಿ ಏನು ಪ್ರಯೋಜನ? ಆವತ್ತು ನೀನು ನಂಗೆ ಹೇಳ್ಲಿಲ್ಲ. ಆ ಡಾಕ್ಟ್ರಿಗೆ ಹೇಳಿದೆ. ಅವರಿಗೆ ಹೇಳು."

"ಈಗಲಾ?"

"ಈಗಲೇ. ನಂಗೂ ಕೇಳೋ ಹಾಗೆ."

ಫೋನು ಮಾಡಿದ. ಮೊದಲು ಯಾರೋ ಹುಡುಗಿ ಎತ್ತಿ, ಡಾಕ್ಟರು ಬಿಜಿ ಇದಾರೆ, ಲೈನಲ್ಲಿರಿ ಎಂದಳು. ಕೋಣೆಯ ತುಂಬ ಯಾವುದೋ ಯಂತ್ರದ ಸಂಗೀತ ಕೊಯ್ಯತೊಡಗಿತು. ಅಕ್ಕ, ತಮ್ಮ ಇಬ್ಬರೂ ಮೇಜಿನ ಮೇಲಿದ್ದ ಫೋನನ್ನು ನೋಡುತ್ತ, ಒಬ್ಬರನ್ನೊಬ್ಬರು ನೋಡದೆ ಕೂತರು. ಸಂಗೀತ ಥಟ್ಟನೆ ನಿಂತಿತು.

"ಹಾಂ, ಹೇಳಿ. ಯಾರು? ಬೈಂಡಿಂಗ್... ಹಾಂ ಹಾಂ, ಗೋಧಿ. ಲಸಿಕೆ ಹಾಕಿಸ್ಕೊಂಡ್ರಾ?"

"ಇಲ್ಲ ಡಾಕ್ಟ್ರೇ, ಈ ವಾರ. ಅದಲ್ಲ. ಗೋಧಿ ಹೋಗ್ತಿದ್ದಿದ್ದು ಅಕ್ಕನ ಕೈಯಿಂದ ಅಲ್ಲ. ನನ್ನ ಕೆಲಸದ ಅಂಟಿಂದ. ನಾನೇ ಬಾಯಿಗೆ ಹಾಕ್ಕೋತಿದ್ದೆ. ಅಕ್ಕನ ಅಡುಗೇಲಿ ಏನೂ ತಪ್ಪಿರ್ಲಿಲ್ಲ."

"ಯಾವ ಅಕ್ಕ?"

ಅವನು ಅಕ್ಕನ ಕಡೆ ನೋಡಲಿಲ್ಲ. "ನನ್ನ ಜೊತೆ ಬಂದಿದ್ರಲ್ಲ. ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತ ನೀವು ಕೇಳಿದ್ರಿ."

"ಓ, ಅದಾ? ಅದನ್ನ ನಾನು ಎಲ್ರಿಗೂ ಕೇಳ್ತೀನಿ. ಅಂಟು ಇವತ್ತಿಂದಲೇ ನಿಲ್ಲಿಸಿ. ಸದ್ಯ ಗೊತ್ತಾಯ್ತಲ್ಲ, ಒಳ್ಳೇದು. ಲಸಿಕೆ ಮರೀಬೇಡಿ." ಫೋನು ಕಟ್ಟಾಯಿತು.

ನೋಡು, ಅವರಿಗೆ ನೆನಪೇ ಇಲ್ಲ, ಎನ್ನುವ ಮಾತು ಅವನ ತುಟಿಯವರೆಗೆ ಬಂದಿತ್ತು. ಅದನ್ನು ಹೇಳಿದ್ದರೆ ಎಲ್ಲವೂ ಸಣ್ಣದಾಗಿಬಿಡುತ್ತಿತ್ತು, ಅವನಿಗೆ ಬೇಕಾದದ್ದೂ ಅದೇ.

"ಎಲ್ರಿಗೂ ಕೇಳ್ತಾರಂತೆ," ಎಂದಳು ಅಕ್ಕ. ಎದ್ದು ಶಾಲು ಸರಿಮಾಡಿಕೊಂಡಳು. "ಪ್ರಶ್ನೆ ಎಲ್ರಿಗೂ ಕೇಳಿದ್ದು ಕಣೋ. ಉತ್ತರ ನಿಂದು."

"ಹೋಗ್ಲೇಬೇಕಾ?"

"ಬಸ್ಸಿಗೆ ಹೊತ್ತಾಯ್ತು."

ಅವನು ಚೀಲ ಎತ್ತಿಕೊಂಡ. ಬೇಡವೆನ್ನಲಿಲ್ಲ ಅವಳು. ಒಂದು ಕೈಯಲ್ಲಿ ಕಂಬಿ ಹಿಡಿದು ಮಂಡಿ ನೋಯಿಸಿಕೊಳ್ಳುತ್ತ ಮೆಟ್ಟಿಲಿಳಿಯುತ್ತಲೇ ಇನ್ನೊಂದು ಕೈಯಲ್ಲಿ ಮಗಳಿಗೆ ಫೋನು ಹಚ್ಚಿದಳು. "ಹೊರಟೆ ಕಣೇ. ಕೇಳಿಲ್ಲಿ, ಏನೂ ಮಾಡಿಡ್ಬೇಡ, ಬಂದು ನಾನೇ ಮಾಡ್ತೀನಿ. ಹೂಂ, ನಾನೇ. ಕೂಸಿಗೂ ನಾನೇ ಮಾಡ್ತೀನಿ. ಏನಾಗಿದೆ ನನ್ನ ಕೈಗೆ, ಚೆನ್ನಾಗಿದೆ. ತರಕಾರಿ ಏನಿದೆ ಮನೇಲಿ?" ಅವಳ ದನಿ ಮೆಟ್ಟಿಲ ಸಂದಿಯಲ್ಲಿ ದೊಡ್ಡದಾಗಿ ಮೊಳಗಿತು. ಹಿಂದೆ ಚೀಲ ಹೊತ್ತು ಇಳಿಯುತ್ತಿದ್ದ ಅವನಿಗೆ ಕೆಮ್ಮು ಬಂತು, ಎದೆ ಕಿತ್ತುಬರುವಂಥ ಕೆಮ್ಮು, ಗೋಡೆ ಹಿಡಿದು ನಿಂತ. ಇಷ್ಟು ದಿನ ಅವನು ಕೆಮ್ಮಿದಾಗಲೆಲ್ಲ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಅಪರಾಧಿಯ ಹಾಗೆ ತಿರುಗಿ ನೋಡುತ್ತಿದ್ದಳು. ಈಗ ತಿರುಗಲಿಲ್ಲ. ಬೀನ್ಸು ಎಳೆಯದಾ, ಬಲಿತಿದೆಯಾ ಎಂದು ವಿಚಾರಿಸುತ್ತ ಕೆಳಗಿಳಿದು ಹೋದಳು. ಅವನು ಕೆಮ್ಮಿ ಮುಗಿಸಿ, ಚೀಲ ಎತ್ತಿಕೊಂಡು ಅವಳ ಹಿಂದೆ ನಡೆದ.